ಹೊಸಬನಿಗೆ ಉಪಕಾರವೆಂದರೇನು?

ನಮ್ಮ ಸಂಘದ ಯಾವ ಸಮಾರಂಭಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ನಿಮ್ಮ ಮಗ ಈಗ ಎಲ್ಲಿದ್ದಾನೆ?" ಉತ್ತರವೂ ಹೆಚ್ಚುಕಡಿಮೆ ಗೊತ್ತಿರುವುದೇ. ಟೆಕ್ಸಾಸ್, ನ್ಯೂಜೆರ್ಸಿ, ಮಿಷಿಗನ್. ಇನ್ನೂ ಹೋಗದಿದ್ದವನು ಮುಂದಿನ ಆಗಸ್ಟಿಗೆ ಹೊರಟವನು. ಹೊರಡುವವನಿಗೆ ನಾವೆಲ್ಲ ಕೈಲಾದ ಉಪಕಾರ ಮಾಡುತ್ತೇವೆ. ಒಬ್ಬರು ಚಟ್ನಿಪುಡಿ ಕಟ್ಟಿಕೊಡುತ್ತಾರೆ. ಒಬ್ಬರು ಕುಕ್ಕರು ಕೊಡಿಸುತ್ತಾರೆ. ಇನ್ನೊಬ್ಬರು ಅಲ್ಲಿರುವ ತಮ್ಮ ಅಳಿಯನ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕುತ್ತಾರೆ. ಬುದ್ಧಿಮಾತನ್ನಂತೂ ಎಲ್ಲರೂ ಕೊಡುತ್ತೇವೆ. ಅದಕ್ಕೆ ವಿಮಾನದಲ್ಲಿ ತೂಕದ ಮಿತಿಯಿಲ್ಲ.

ಹೀಗೆ ನೆರವಾಗುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಆದರೆ ಉಪಕಾರವೆಂದು ನಾವು ಮಾಡುವುದೆಲ್ಲ ಉಪಕಾರವೇ? ಈ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಕಾಡುತ್ತಿದೆ. ನಾನು ತತ್ತ್ವಶಾಸ್ತ್ರ ಓದಿದವನಲ್ಲ. ಬಿ.ಎಸ್‌ಸಿ. ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ನಾಚಾರಂನಲ್ಲಿ ಬಾಡಿಗೆ ಮನೆ ಹಿಡಿದವನು. ಆದರೂ ನನ್ನಿಂದಲೇ ಆದ ಒಂದು ತಪ್ಪು ಈ ಪ್ರಶ್ನೆಯನ್ನು ನನ್ನ ಮುಂದೆ ತಂದು ನಿಲ್ಲಿಸಿದ್ದರಿಂದ, ಬಂಧುಗಳ ಮುಂದೆ ಅದನ್ನು ಬಿಚ್ಚಿಡುತ್ತಿದ್ದೇನೆ.

ವಿದ್ಯೆಗಾಗಿ ಊರು ಬಿಟ್ಟು ಬಂದವನಿಗೆ ಆಸರೆಯಾಗುವುದನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಹಿಂದೆ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಎಷ್ಟೋ ಬಡ ಹುಡುಗರು ವಾರಾನ್ನ ಮಾಡಿ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಹೀಗೆ ಏಳು ಮನೆಗಳ ಅನ್ನ ಸೇರಿ ಒಬ್ಬ ವಕೀಲನೋ ಮೇಷ್ಟರೋ ಆಗುತ್ತಿದ್ದ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇಂದಿಗೂ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ ಸಿಗುತ್ತಿವೆ. ನಮ್ಮ ಭಾಗದ ಹಿರಿಯರ ಕಥೆ ಬೇರೆ ರೀತಿಯದು. ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕಾಲೇಜು ಓದಬೇಕೆಂದರೆ ಎಷ್ಟೋ ಮಂದಿ ಇಲ್ಲಿಗೇ ಬರಬೇಕಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ನಿಜಾಮರ ಕಾಲದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ತರಗತಿಯಲ್ಲಿ ಉರ್ದು. ಆ ಹುಡುಗರಿಗೆ ಹೈದರಾಬಾದೇ ಒಂದು ಅಮೆರಿಕ!

ವಾರಾನ್ನವನ್ನು ನಾನು ಹೊಗಳಿ ಆಕಾಶಕ್ಕೇರಿಸುತ್ತಿಲ್ಲ. ಅದರಲ್ಲಿ ಜಾತಿ ನೋಡಿ ಎಲೆ ಹಾಕುವುದಿತ್ತು. ಉಣ್ಣುವವನಿಗೆ ಅವಮಾನವೂ ಇತ್ತು. ಆದರೆ ಅದರಲ್ಲಿ ಒಂದು ಗುಣವಿತ್ತು: ಸುಳ್ಳಿರಲಿಲ್ಲ. ಹುಡುಗನಲ್ಲಿ ಹಣವಿಲ್ಲವೆಂಬುದು ಊರಿಗೇ ಗೊತ್ತಿತ್ತು. ಗೊತ್ತಿದ್ದರಿಂದಲೇ, ಹಸಿವಾದ ದಿನ ಅವನು ಬಾಗಿಲು ತಟ್ಟಬಹುದಾಗಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನನ್ನ ಕಥೆಯ ತಿರುಳು ಇದೇ.

ಇನ್ನು ಇಂದಿನ ಸ್ಥಿತಿ ನೋಡೋಣ. ಮೈಸೂರಿನ ಎ. ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ. ಆಗ ಹೋಗುವವರೇ ಬೆರಳೆಣಿಕೆ. ವೇತನ ಸಿಕ್ಕಿದವರು ಹೋದರು, ಸಿಗದವರು ಇಲ್ಲೇ ಉಳಿದರು. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602. ಆ ವರ್ಷ ನಾವು ಚೀನಾವನ್ನೂ ಹಿಂದೆ ಹಾಕಿದೆವು. ಇವರಲ್ಲಿ ಬಹುಪಾಲು ಎಂ.ಎಸ್. ಓದಲು ಹೋದವರು, ಅನೇಕರು ಸಾಲದ ಹಣದ ಮೇಲೆ ಹೋದವರು. 2008ರಲ್ಲಿ ಹೈದರಾಬಾದಿನಲ್ಲಿ ಅಮೆರಿಕದ ಕಾನ್ಸುಲೇಟು ತೆರೆದ ಮೇಲಂತೂ ವೀಸಾಕ್ಕಾಗಿ ಚೆನ್ನೈಗೆ ಓಡುವ ಕಷ್ಟವೂ ತಪ್ಪಿತು.

ಹೋಗುವವನು ಮೊದಲು ಒಂದು ಲೆಕ್ಕ ಒಪ್ಪಿಸಬೇಕು. ಮೊದಲ ವರ್ಷದ ಶುಲ್ಕ, ಊಟ, ವಸತಿಗೆ ಸಾಕಾಗುವಷ್ಟು ಹಣ ತನ್ನಲ್ಲೋ ತನ್ನ ಪೋಷಕರಲ್ಲೋ ಇದೆಯೆಂದು ವಿಶ್ವವಿದ್ಯಾಲಯಕ್ಕೆ ಕಾಗದ ತೋರಿಸಿದರೆ ಮಾತ್ರ ಅವರು ಐ-20 ಎಂಬ ಪತ್ರ ಕಳಿಸುತ್ತಾರೆ. ವೀಸಾ ಅಧಿಕಾರಿಯೂ ಅದನ್ನೇ ಕೇಳಬಹುದು. ಅಲ್ಲಿ ಹೋದಮೇಲೆ ದುಡಿದು ತುಂಬಿಕೊಳ್ಳುತ್ತೇನೆ ಎನ್ನುವಂತಿಲ್ಲ. ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ, ಅದೂ ವಿಶ್ವವಿದ್ಯಾಲಯದ ಆವರಣದೊಳಗೆ, ಕೆಲಸ ಮಾಡಬಹುದು. ಅನುಮತಿಯಿಲ್ಲದೆ ಹೊರಗೆ ದುಡಿದರೆ ವೀಸಾಕ್ಕೇ ಸಂಚಕಾರ.

ನನ್ನ ಅಕ್ಕನ ಮಗನಿಗೆ 2022ರ ಆಗಸ್ಟಿನ ತರಗತಿಗೆ ಸೀಟು ಸಿಕ್ಕಿತು. ಬ್ಯಾಂಕಿನ ಸಾಲ ಮಂಜೂರಾಗಿತ್ತು. ಆದರೂ ಲೆಕ್ಕಕ್ಕೆ ಒಂಬತ್ತು ಲಕ್ಷ ಕಡಿಮೆ. ರಾಯಚೂರಿನಿಂದ ಅಕ್ಕ ಫೋನು ಮಾಡಿದಳು. "ನಿನ್ನ ರೊಕ್ಕ ಎಲ್ಲೂ ಹೋಗಂಗಿಲ್ಲೋ ತಮ್ಮಾ. ಮೂರು ತಿಂಗಳು ಹುಡುಗನ ಹೆಸರಿಲೆ ಬ್ಯಾಂಕಿನಾಗ ಇದ್ರ ಸಾಕು. ವೀಸಾ ಬಂದ ಮರುದಿನ ವಾಪಸ್ ಹಾಕ್ತೀವಿ." ಹೀಗೆ ಹಣ ತೋರಿಸಿಕೊಡುವ ವ್ಯವಹಾರ ನಮ್ಮ ನಗರಕ್ಕೆ ಹೊಸದಲ್ಲ, ಬಡ್ಡಿ ಹಿಡಿದು ತೋರಿಸುವವರೂ ಇದ್ದಾರೆ. ನಾನು ಬಡ್ಡಿಯಿಲ್ಲದೆ ತೋರಿಸಿದೆ. ಸ್ವಂತ ಮನೆಗೆಂದು ಕೂಡಿಟ್ಟ ಹಣ ಅದು. ಮೂರು ತಿಂಗಳು ಅವನ ಖಾತೆಯಲ್ಲಿದ್ದು, ವೀಸಾ ಬಂದ ಮೇಲೆ ಪೈಸೆ ಬಿಡದೆ ನನ್ನ ಖಾತೆಗೆ ಮರಳಿತು. ನನಗೇನೂ ನಷ್ಟವಾಗಲಿಲ್ಲ, ಹುಡುಗನಿಗೆ ಭವಿಷ್ಯ ಸಿಕ್ಕಿತು. ಇಷ್ಟು ಅಗ್ಗದ ಉಪಕಾರ ಇನ್ನಾವುದಿದೆ ಎಂದು ಒಳಗೊಳಗೇ ಹಿಗ್ಗಿದೆ. ಕಚೇರಿಯಲ್ಲಿ ಪರರ ಕಡತದಲ್ಲಿ ಒಂದು ರಸೀತಿ ಹೆಚ್ಚುಕಡಿಮೆಯಾದರೆ ಆಕ್ಷೇಪಣೆ ಬರೆದು ಹಿಂದಕ್ಕೆ ಕಳಿಸುವವನು ನಾನೇ ಎಂಬುದು ಆಗ ನೆನಪಾಗಲಿಲ್ಲ.

ಅಲ್ಲಿ ಅವನು ನಾಲ್ಕು ಜನ ತೆಲುಗು ಹುಡುಗರೊಡನೆ ಒಂದು ಮನೆ ಹಂಚಿಕೊಂಡ. ವಿಮಾನ ನಿಲ್ದಾಣದಿಂದ ಕರೆದುಕೊಂಡು ಹೋದವರು ಅಲ್ಲಿನ ಭಾರತೀಯ ವಿದ್ಯಾರ್ಥಿಗಳ ಸಂಘದವರು. ಮೊದಲ ವಾರ ಅವರ ಮನೆಯಲ್ಲೇ ಊಟ. ಬ್ಯಾಂಕ್ ಖಾತೆ ತೆರೆಯಿಸಿದವರು, ಚಳಿಗಾಲದ ಕೋಟು ಎಲ್ಲಿ ಅಗ್ಗವೆಂದು ತೋರಿಸಿದವರೂ ಅವರೇ. ಆರು ತಿಂಗಳು ಎಲ್ಲ ಸರಿಯಿತ್ತು. ಎರಡನೆಯ ಸೆಮಿಸ್ಟರಿನ ಶುಲ್ಕದ ಹೊತ್ತಿಗೆ, ಲೆಕ್ಕದಲ್ಲಿ ಕಡಿಮೆಯಿದ್ದದ್ದು ಕೈಯಲ್ಲೂ ಕಡಿಮೆಯಾಯಿತು. ಅವನು ಯಾರಿಗೂ ಹೇಳದೆ ಹೊರಗಿನ ಅಂಗಡಿಯೊಂದರಲ್ಲಿ ರಾತ್ರಿ ಕೆಲಸಕ್ಕೆ ಸೇರಿದ. ಒಂದು ರಾತ್ರಿ ಡಬ್ಬ ಕತ್ತರಿಸುವಾಗ ಅಂಗೈ ಸೀಳಿತು. ವಿಶ್ವವಿದ್ಯಾಲಯದ ವಿಮೆ ಇತ್ತು, ಚಿಕಿತ್ಸಾಲಯವಿತ್ತು. ಆದರೆ "ಇದು ಹೇಗಾಯಿತು?" ಎಂದು ಕೇಳಿದರೆ? ಬಟ್ಟೆ ಸುತ್ತಿಕೊಂಡು ಕೋಣೆಯಲ್ಲಿ ಕುಳಿತು ನನಗೆ ಫೋನು ಮಾಡಿದ.

ನಾನು ತಿಳಿದವನಂತೆ ಹೇಳಿದೆ: "ವಿದೇಶಿ ವಿದ್ಯಾರ್ಥಿಗಳಿಗೆ ಅಂತಲೇ ಅಲ್ಲಿ ಸಲಹೆಗಾರರು ಇರ್ತಾರಲ್ಲಪ್ಪಾ, ಅವರ ಹತ್ರ ಹೋಗು. ರೊಕ್ಕದ ತೊಂದರೆ ಇದೆ ಅಂತ ಹೇಳು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೇಳಿದ: "ಏನಂತ ಹೇಳ್ಲಿ ಮಾಮಾ? ರೊಕ್ಕ ಇಲ್ಲ ಅಂದ್ರ, ಬರುವಾಗ ತೋರಿಸಿದ್ದು ಎಲ್ಲಿ ಹೋತು ಅಂತ ಕೇಳ್ತಾರ."

ಆ ಮಾತು ಕೇಳಿದಾಗ ನನಗೆ ನಾನು ಮಾಡಿದ್ದೇನೆಂಬುದು ಮೊದಲ ಬಾರಿಗೆ ತಿಳಿಯಿತು. ನಾನು ಅವನಿಗೆ ವೀಸಾ ಕೊಡಿಸಿದೆನೆಂದು ತಿಳಿದಿದ್ದೆ. ನಿಜವಾಗಿ ನಾನು ಮಾಡಿದ್ದು, ಪರಸ್ಥಳದಲ್ಲಿ ಅವನು ತಟ್ಟಬಹುದಾಗಿದ್ದ ಬಾಗಿಲನ್ನು ಇಲ್ಲಿಂದಲೇ ಮುಚ್ಚಿ ಕಳಿಸಿದ್ದು. ವಾರಾನ್ನದ ಹುಡುಗನಿಗೆ ಏಳು ಬಾಗಿಲುಗಳಿದ್ದವು. ನನ್ನ ಸೋದರಳಿಯನಿಗೆ ಒಂದೂ ಇರಲಿಲ್ಲ. ಏಕೆಂದರೆ ಎಲ್ಲ ಬಾಗಿಲುಗಳ ಹಿಂದೆಯೂ ಅದೇ ಒಂಬತ್ತು ಲಕ್ಷ ಕುಳಿತಿತ್ತು.

ಇಲ್ಲಿ ಕೆಲವರು ಆಕ್ಷೇಪ ಎತ್ತಬಹುದು. ಎಲ್ಲರೂ ಮಾಡುವುದೇ ಅಲ್ಲವೇ? ಹಣವಂತರ ಮಕ್ಕಳಿಗೆ ಮಾತ್ರ ವಿದ್ಯೆಯೇ? ಬಡವನ ಮಗ ಒಂದು ಕಾಗದದ ನೆಪದಲ್ಲಿ ಮೇಲೆ ಬರುವುದಾದರೆ ತಪ್ಪೇನು? ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಹಣವಿಲ್ಲದವನ ಬುದ್ಧಿಗೆ ಬಾಗಿಲು ಹಾಕುವ ನಿಯಮ ನ್ಯಾಯವಾದದ್ದೆಂದು ನಾನೂ ಒಪ್ಪುವುದಿಲ್ಲ. ಆದರೆ ಆ ನಿಯಮಕ್ಕೆ ನಾವು ಹೇಳುವ ಸುಳ್ಳಿನ ಬೆಲೆಯನ್ನು ತೆರುವವರು ಯಾರು? ನಿಯಮ ಮಾಡಿದವರಲ್ಲ, ಸುಳ್ಳು ಹೇಳಿಕೊಟ್ಟ ನಾನೂ ಅಲ್ಲ. ಎಂಟು ಸಾವಿರ ಮೈಲಿ ದೂರದಲ್ಲಿ, ಭಾಷೆ ಹೊಸದು, ಚಳಿ ಹೊಸದು ಎನ್ನುವಾಗ, ಇಪ್ಪತ್ತೆರಡು ವರ್ಷದ ಹುಡುಗ ಅದನ್ನು ಒಬ್ಬನೇ ತೆರಬೇಕು. ಪರರ ಹೆಗಲ ಮೇಲೆ ಹೊರಿಸುವ ಧೈರ್ಯಕ್ಕೆ ಧೈರ್ಯವೆಂಬ ಹೆಸರು ಸಲ್ಲುವುದಿಲ್ಲ.

2019ರ ಜನವರಿಯಲ್ಲಿ ನಡೆದ ಫಾರ್ಮಿಂಗ್ಟನ್ ಪ್ರಕರಣ ನಮ್ಮ ನಗರದ ಅನೇಕರಿಗೆ ನೆನಪಿರಬೇಕು. ಮಿಷಿಗನ್‌ನಲ್ಲಿ ಪಾಠವಿಲ್ಲದ, ಮೇಷ್ಟರಿಲ್ಲದ ಒಂದು ವಿಶ್ವವಿದ್ಯಾಲಯ; ಅದನ್ನು ನಡೆಸುತ್ತಿದ್ದವರು ವೇಷ ಮರೆಸಿಕೊಂಡ ಅಮೆರಿಕದ ಸರ್ಕಾರಿ ಅಧಿಕಾರಿಗಳು! ಮೊದಲಿಗೆ ಬಂಧನಕ್ಕೊಳಗಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಸರ್ಕಾರವೊಂದು ಹೀಗೆ ಬಲೆ ಬೀಸುವುದು ಸರಿಯೇ ಎಂಬುದು ಬೇರೆಯೇ ಪ್ರಶ್ನೆ, ನನಗೆ ಸರಿಯೆನಿಸುವುದಿಲ್ಲ. ಆದರೆ ಹುಡುಗರನ್ನು ಅಲ್ಲಿಗೆ ಸೇರಿಸಿ ಹಣ ಪಡೆದರೆಂದು ಮೊಕದ್ದಮೆ ಹೂಡಲ್ಪಟ್ಟ ಎಂಟು ಮಂದಿಯೂ ಭಾರತ ಮೂಲದವರು ಎಂಬುದನ್ನು ಗಮನಿಸಬೇಕು. "ನಾನಿದ್ದೇನೆ, ಭಯಪಡಬೇಡ" ಎನ್ನುವ ಮಾತು ಹೊಸಬನ ಕಿವಿಗೆ ಅಮೃತ. ಅದನ್ನು ತನ್ನ ಭಾಷೆಯಲ್ಲೇ ಹೇಳಿದವನನ್ನು ಅವನು ಎರಡನೆಯ ಸಲ ಪರೀಕ್ಷಿಸುವುದಿಲ್ಲ. ಆದ್ದರಿಂದ ನಮ್ಮವರೆನಿಸಿಕೊಂಡವರ ಹೊಣೆ ಇನ್ನೂ ಹೆಚ್ಚಿನದು.

ಇದಕ್ಕೆ ಪ್ರತಿಯಾಗಿ ಹಳೆಯದೊಂದು ಉದಾಹರಣೆ ಇದೆ. ಆನಂದೀಬಾಯಿ ಜೋಶಿಯವರ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಅವರ ಪತಿ ಗೋಪಾಲರಾಯರು ಹೆಂಡತಿಯ ವಿದ್ಯಾಭ್ಯಾಸಕ್ಕೆ ನೆರವು ಕೋರಿ ಅಮೆರಿಕದ ಮಿಷನರಿಯೊಬ್ಬರಿಗೆ ಪತ್ರ ಬರೆದಾಗ, ಮತಾಂತರವಾದರೆ ಆಗಬಹುದೆಂಬ ಧಾಟಿಯ ಉತ್ತರ ಬಂತು. ಆ ಪತ್ರವ್ಯವಹಾರ ಪತ್ರಿಕೆಯೊಂದರಲ್ಲಿ ಅಚ್ಚಾದುದನ್ನು ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಗೃಹಿಣಿ ಥಿಯೋಡಿಸಿಯಾ ಕಾರ್ಪೆಂಟರ್ ಓದಿ, ಕಂಡರಿಯದ ಹುಡುಗಿಗೆ ತಾವಾಗಿ ಕಾಗದ ಬರೆದರು. 1883ರಲ್ಲಿ ಹೊರಡುವ ಮುನ್ನ ಆನಂದೀಬಾಯಿ ಬಂಗಾಳದ ಸೆರಾಂಪುರದಲ್ಲಿ ತುಂಬಿದ ಸಭೆಯ ಮುಂದೆ ನಿಂತು, ತಾನೇಕೆ ಹೋಗುತ್ತಿದ್ದೇನೆ, ಅಲ್ಲಿ ಹೇಗಿರುತ್ತೇನೆ ಎಂಬುದನ್ನು ಬಹಿರಂಗವಾಗಿ ಹೇಳಿದರು. ಹಿಂದುವಾಗಿಯೇ ಹೋಗಿ ಹಿಂದುವಾಗಿಯೇ ಮರಳುತ್ತೇನೆಂದರು. ಆ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಹಡಗಿನಿಂದ ಇಳಿದ ಹದಿನೆಂಟು ವರ್ಷದ ಆ ಹೆಣ್ಣುಮಗಳನ್ನು ಕಾರ್ಪೆಂಟರ್ ತಮ್ಮ ಮನೆಗೆ ಕರೆದೊಯ್ದರು. 1886ರ ಮಾರ್ಚಿನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಆನಂದೀಬಾಯಿ, ಮರುವರ್ಷ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೇ ಕಳಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ ಅವರ ಕುಟುಂಬದ ಸಮಾಧಿಸ್ಥಳದಲ್ಲಿ ಅದು ಇದೆ.

ಒಂದು ಕಡೆಯ ಉಪಕಾರಕ್ಕೆ ಷರತ್ತಿತ್ತು. ಇನ್ನೊಂದು ಕಡೆಯದಕ್ಕೆ ಇರಲಿಲ್ಲ. ಬಂದವಳು ತಾನು ಏನೋ ಅದನ್ನೇ ಹೇಳಿಕೊಂಡು ಬಂದಳು. ಬರಮಾಡಿಕೊಂಡವರು ಅವಳನ್ನು ಅವಳಂತೆಯೇ ಬರಮಾಡಿಕೊಂಡರು. ಮುಚ್ಚಿಡುವುದೇನೂ ಇಲ್ಲದ್ದರಿಂದ ಇಬ್ಬರ ನಡುವೆ ತಾಯಿಮಕ್ಕಳ ಪ್ರೀತಿ ಬೆಳೆಯಲು ಎಡೆಯಾಯಿತು. ಹೊಸಬನಿಗೆ ಬೇಕಾದದ್ದು ಇಷ್ಟೇ ಎಂದು ನನಗನ್ನಿಸುತ್ತದೆ: ನಿಜ ಹೇಳಬಹುದಾದ ಒಬ್ಬ ಮನುಷ್ಯ.

ಇದಕ್ಕೆ ಹಣವೂ ಬೇಕಾಗುವುದಿಲ್ಲ. 1909ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪುಸ್ತಕ ಭಂಡಾರದ ಮೆಟ್ಟಿಲ ಮೇಲೆ ಹ್ಯಾರಿ ಎಡ್ಮಂಡ್ಸ್ ಎಂಬುವರು ಎದುರಿಗೆ ಬಂದ ಚೀನೀ ವಿದ್ಯಾರ್ಥಿಗೆ ಸುಮ್ಮನೆ ಶುಭೋದಯ ಹೇಳಿದರಂತೆ. ಆ ಹುಡುಗ ನಿಂತು, ತಾನು ಈ ಊರಿಗೆ ಬಂದು ಮೂರು ವಾರವಾಯಿತು, ತನ್ನನ್ನು ಮಾತನಾಡಿಸಿದವರಲ್ಲಿ ನೀವೇ ಮೊದಲಿಗರು ಎಂದನಂತೆ. ಎಡ್ಮಂಡ್ಸರ ಮನಸ್ಸಿಗೆ ನಾಟಿದ ಆ ಮಾತೇ ಬೆಳೆದು, 1924ರಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳು ಕೂಡಿ ಬಾಳುವ ಇಂಟರ್‌ನ್ಯಾಷನಲ್ ಹೌಸ್ ಆಯಿತು.

ಈ ಕಥೆ ಓದಿದ ಮೇಲೆ ನಾನು ನಮ್ಮ ಬೀದಿಯನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದೆ. ನಾಚಾರಂನಿಂದ ಹಬ್ಸಿಗುಡ ದಾಟಿದರೆ ತಾರ್ನಾಕಾ. ಅಲ್ಲಿಯೇ ಉಸ್ಮಾನಿಯಾ, ಅಲ್ಲಿಯೇ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಆಫ್ರಿಕದಿಂದ, ಪಶ್ಚಿಮ ಏಷ್ಯದಿಂದ ಓದಲು ಬಂದ ಹುಡುಗರು ನಮ್ಮ ಓಣಿಗಳಲ್ಲೇ ಮನೆ ಹುಡುಕುತ್ತ ಅಲೆಯುತ್ತಾರೆ. ಒಂದು ಸಂಜೆ ಸುಡಾನಿನ ಹುಡುಗನೊಬ್ಬ ಪಕ್ಕದ ಮನೆಯ ಟು-ಲೆಟ್ ಬೋರ್ಡು ನೋಡಿ ಬಾಗಿಲು ತಟ್ಟಿದ. ಬೋರ್ಡು ನೇತಾಡುತ್ತಿರುವಾಗಲೇ ಮಾಲೀಕರು ಕೊಟ್ಟಾಯಿತೆಂದರು. ನಾನು ನೋಡುತ್ತ ನಿಂತಿದ್ದೆ. ನಮ್ಮ ಹುಡುಗನಿಗೆ ಅಲ್ಲಿ ಯಾರಾದರೂ ಹೀಗೆ ಮಾಡಿದರೆ ನಾವು ಎಷ್ಟು ನೊಂದುಕೊಳ್ಳುತ್ತೇವೆ! ಮಾಲೀಕರನ್ನು ಕೇಳಿದಾಗ ಅವರ ಭಯ ಬೇರೆಯೇ ಇತ್ತು: "ಫಾರಿನ್ನವರನ್ನು ಇಟ್ಟುಕೊಂಡರೆ ಪೊಲೀಸರಿಗೆ ಕಾಗದ ಕೊಡಬೇಕಂತೆ, ಅದೆಲ್ಲ ನನಗೆ ತಿಳಿಯದು." ವಿದೇಶೀಯರಿಗೆ ಮನೆ ಕೊಟ್ಟವರು ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು ನಿಜ. ನಾನು ಅವರ ಜೊತೆ ಕುಳಿತು ಆ ಅರ್ಜಿ ತುಂಬಿಕೊಟ್ಟೆ. ಹುಡುಗನಿಗೆ ಮನೆ ಸಿಕ್ಕಿತು. ಇಪ್ಪತ್ತು ವರ್ಷದಿಂದ ಅರ್ಜಿಗಳ ನಡುವೆಯೇ ಬದುಕುತ್ತಿರುವವನಿಗೆ ಅರ್ಧ ಗಂಟೆಯ ಕೆಲಸ. ಆದರೆ ಆ ಕಾಗದದಲ್ಲಿದ್ದದ್ದೆಲ್ಲ ನಿಜವಾಗಿತ್ತು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಸೋದರಳಿಯನ ಕಥೆ ಏನಾಯಿತೆಂದು ಕೇಳುತ್ತೀರಿ. ಅಂದು ತೋರಿಸಿದ ಹಣವನ್ನು ಕೊನೆಗೆ ಕೊಟ್ಟೆ. ಸ್ವಂತ ಮನೆಯ ಮಾತು ಹಿಂದೆ ಬಿತ್ತು. ನನ್ನ ಹೆಂಡತಿ ಬೇಡವೆನ್ನಲಿಲ್ಲ, ಆದರೆ ಒಂದು ಮಾತು ಹೇಳಿದಳು: "ಕೊಡೋ ಮನಸ್ಸಿದ್ರ ಅಂದೇ ಕೊಡಬೇಕಿತ್ತು, ಇಲ್ಲಂದ್ರ ಅಂದೇ ಇಲ್ಲ ಅನ್ನಬೇಕಿತ್ತು. ನೀವು ಎರಡೂ ಮಾಡಲಿಲ್ಲ." ಇಡೀ ಲೇಖನದ ತಾತ್ಪರ್ಯವನ್ನು ಅವಳು ಅಡಿಗೆಮನೆಯಲ್ಲಿ ನಿಂತು ಮೂರು ವಾಕ್ಯದಲ್ಲಿ ಮುಗಿಸಿದ್ದಳು. ಹುಡುಗ ಅಂಗಡಿಯ ಕೆಲಸ ಬಿಟ್ಟ. ಹಣ ಬಂದ ಧೈರ್ಯದ ಮೇಲೆ ಸಲಹೆಗಾರರ ಬಳಿಗೆ ಹೋಗಿ, ಮನೆಯಲ್ಲಿ ಕಷ್ಟವಿದೆಯೆಂದು ಹೇಳಿದ. ಶುಲ್ಕವನ್ನು ಕಂತುಗಳಲ್ಲಿ ಕಟ್ಟಬಹುದೆಂದೂ, ಆವರಣದಲ್ಲೇ ಇರುವ ಕೆಲಸಗಳು ಇಂಥವೆಂದೂ, ಅಗತ್ಯವಿದ್ದ ವಿದ್ಯಾರ್ಥಿಗಳಿಗೆ ದಿನಸಿ ಹಂಚುವ ಕೋಣೆ ಇಂಥಲ್ಲಿದೆಯೆಂದೂ ಅವರು ಹೇಳಿದರಂತೆ. ಬಾಗಿಲು ಮೊದಲಿನಿಂದಲೂ ಅಲ್ಲಿಯೇ ಇತ್ತು. 2024ರಲ್ಲಿ ಓದು ಮುಗಿಸಿದ. ಅಂಗಡಿಯ ವಿಷಯವನ್ನು ಮಾತ್ರ ಅವನೂ ಹೇಳಲಿಲ್ಲ, ಹೇಳೆಂದು ನಾನೂ ಹೇಳಲಿಲ್ಲ. ಅಂಗೈಯ ಗಾಯ ಮಾಯಿತು. ಈ ಭಾರ ಮಾತ್ರ ಇಬ್ಬರ ಮೇಲೂ ಉಳಿದಿದೆ.

ಈಚೆಗೆ ಕಚೇರಿಯ ಮಿತ್ರರೊಬ್ಬರು ನನ್ನಲ್ಲಿ ಅದೇ ಸಹಾಯ ಕೇಳಿದರು. ಮಗನ ಖಾತೆಯಲ್ಲಿ ಮೂರು ತಿಂಗಳು ತೋರಿಸಲು ಆರು ಲಕ್ಷ. ನಾನು ಆಗದೆಂದೆ. ಬದಲಿಗೆ ಒಂದು ಭಾನುವಾರ ಅವರ ಮನೆಗೆ ಹೋಗಿ, ಅಪ್ಪ ಮಗ ಇಬ್ಬರನ್ನೂ ಕೂರಿಸಿಕೊಂಡು, ಶುಲ್ಕ, ಬಾಡಿಗೆ, ವಿಮೆ, ಊಟ, ಸಾಲದ ಬಡ್ಡಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಹುಡುಗನೇ ಒಂದು ವರ್ಷ ಇಲ್ಲಿ ಕೆಲಸ ಮಾಡಿ ಆಮೇಲೆ ಹೋಗುತ್ತೇನೆಂದ. ಮಿತ್ರರಿಗೆ ಮಾತ್ರ ನೋವಾಗಿದೆ. ಊಟದ ಹೊತ್ತಿಗೆ ನನ್ನ ಮೇಜಿನ ಬಳಿ ಬರುವುದನ್ನು ಬಿಟ್ಟಿದ್ದಾರೆ. ನಾನು ಸ್ವಂತ ಅಕ್ಕನ ಮಗನಿಗೆ ಮಾಡಿದ್ದನ್ನು ತಮಗೆ ಮಾಡಲಿಲ್ಲವೆಂಬ ಅವರ ಕೋಪ ಅನ್ಯಾಯವಾದದ್ದೆಂದು ಹೇಳುವ ಹಕ್ಕು ನನಗಿಲ್ಲ. ಸುಳ್ಳಿನ ಉಪಕಾರ ಸ್ನೇಹ ತರುತ್ತದೆ, ನಿಜದ ಉಪಕಾರ ಕೆಲವೊಮ್ಮೆ ಸ್ನೇಹ ಕಳೆಯುತ್ತದೆ. ಹಾಗೆಂದು ಯಾವುದು ಉಪಕಾರವೆಂಬುದು ಬದಲಾಗುವುದಿಲ್ಲ.

ಸಂಘದ ಬಂಧುಗಳಲ್ಲಿ ನನ್ನದೊಂದು ಅರಿಕೆ. ಮುಂದಿನ ಜುಲೈಯಲ್ಲಿ ಮಕ್ಕಳನ್ನು ಬೀಳ್ಕೊಡುವಾಗ ಚಟ್ನಿಪುಡಿ ಇರಲಿ, ಕುಕ್ಕರೂ ಇರಲಿ. ಅದಕ್ಕೂ ಆರು ತಿಂಗಳು ಮುಂಚೆ, ಹೋಗಿ ಬಂದವರು ಹೋಗುವವರೊಡನೆ ಕುಳಿತು ನಿಜವಾದ ಲೆಕ್ಕ ಮಾಡುವ ಒಂದು ಸಂಜೆಯನ್ನು ನಮ್ಮ ಸಂಘ ಏರ್ಪಡಿಸಬಾರದೇಕೆ? ಆ ಸಂಜೆಗೆ ಬೇಕಾದ ಹಾಳೆ, ಪೆನ್ನು ನಾನು ತರುತ್ತೇನೆ. ನಿಮ್ಮ ಮಗುವನ್ನು ವಿಮಾನ ಹತ್ತಿಸುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಕಷ್ಟ ಬಂದ ದಿನ ಇವನು ಹೆದರದೆ ಯಾವ ಬಾಗಿಲು ತಟ್ಟಬಲ್ಲ?